ಕಾಜಾ ಅಕ್ಕ ಮನೆಯನ್ನು ಶಾಲೆಗೆ ಬರೆದದ್ದು

ಸರಕು ಅಳೆಯುವ ಕಣ್ಣಿಂದ ನೋಡಿದರೆ ಕಾಜಾ ಅಕ್ಕನಿಗೆ ಹೆಚ್ಚು ಬೆಲೆ ಬರುತ್ತಿರಲಿಲ್ಲ. ಕುಳ್ಳಿ, ಒಣಗಿದ ಕಡ್ಡಿಯಂಥ ಮೈ, ಒಂದು ಕಣ್ಣಿಗೆ ಪೊರೆ. ಬಾಯಿ ಮಾತ್ರ ಹೊಸ ಕತ್ತರಿ. ಆದರೆ ಬಟ್ಟೆ ವ್ಯಾಪಾರದಲ್ಲಿ ಪಳಗಿದವನು ಮಡಿಕೆ ಬಿಚ್ಚದೆ ಬೆಲೆ ಕಟ್ಟಬಾರದು.

ಅಂಗಿಯ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಅನ್ನುತ್ತಾರೆ. ಅದರ ಅಂಚನ್ನು ಕೈಯಲ್ಲಿ ಹೊಲಿಯುವುದು ಅವಳ ಕಸುಬು. ನನ್ನ ಉಡುಪಿನ ಅಂಗಡಿಯ ಬೆನ್ನಿಗೆ ಅವಳ ಎರಡು ಕೋಣೆಯ ಮನೆ, ಅದರ ಎದುರಿಗೆ ನಾವಿಬ್ಬರೂ ಓದಿದ ಶಾಲೆ. ಗೋಡೆ ಒಡೆದರೆ ಆ ಮನೆ ನನಗೆ ಒಳ್ಳೆಯ ಉಗ್ರಾಣ. ಕೇಳಿದಾಗಲೆಲ್ಲ ಅವಳ ಉತ್ತರ ಒಂದೇ: "ಮೊದಲು ನಾನು ಸಾಯ್ತೀನಿ, ಆಮೇಲೆ ಚೌಕಾಸಿ ಮಾಡು."

ಸಾಯುವ ಕಾಲವೂ ಬಂತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟಿದ್ದರು. ಹಣ್ಣು ಹಿಡಿದು ನೋಡಲು ಹೋದೆ.

"ಹಣ್ಣು ತಂದಿದ್ದೀಯ ಅಂದ್ರೆ ಮನೆ ಮಾತು ಎತ್ತೋದಿದೆ ಅಂತ."

"ಬಾಯಿ ತೆರೆಯೋ ಮೊದಲೇ ಹೊಲಿದುಬಿಡ್ತೀಯಲ್ಲಕ್ಕ."

"ಮನೆ ಶಾಲೆಗೆ ಬರೆದಾಯ್ತು. ನಾನು ಹೋದ ಮೇಲೆ ಅವರ ಕೈಗೆ ಮುಟ್ಟಿಸೋ ಜವಾಬ್ದಾರಿ ನಿಂದು. ವಕೀಲರ ಹತ್ರ ಹೇಳಿದೀನಿ."

"ನಂದಾ? ಬೆಕ್ಕಿನ ಮುಂದೆ ಹಾಲಿಟ್ಟು ಕಾಯಿ ಅಂದ ಹಾಗಾಯ್ತು."

"ನನ್ನ ತಮ್ಮ ದಿನಾ ಬಂದು ಕಾಲೊತ್ತುತಾನೆ, ಮನೆ ಬೇಕು ಅನ್ನಲ್ಲ. ನೀನು ಬಾಯಿಬಿಟ್ಟು ಕೇಳಿದೆ. ಕೂಗೋ ಬೆಕ್ಕೇ ವಾಸಿ ಕಣೋ."

ಹಳೆಯ ವಿದ್ಯಾರ್ಥಿಗಳು ಸಾಯುವಾಗ ಶಾಲೆಗೆ ಆಸ್ತಿ ಬಿಟ್ಟುಹೋಗುವುದನ್ನು ಹಿಂದೆಯೂ ಕಂಡಿದ್ದೆ. ಒಬ್ಬರಿಗೆ ಗೋಡೆಯ ಕಲ್ಲಲ್ಲಿ ಹೆಸರು ಬೇಕು, ಇನ್ನೊಬ್ಬರಿಗೆ ನೆಂಟರ ಹೊಟ್ಟೆ ಉರಿಯಬೇಕು ಅಂತ ನನ್ನ ಲೆಕ್ಕಾಚಾರ. ಅದನ್ನೇ ಹೇಳಿ ಕೆಣಕಿದೆ.

"ನೀನು ಅಲ್ಲಿ ಕಲಿತದ್ದೇನಕ್ಕ? ನಾಲ್ಕನೇ ಕ್ಲಾಸು, ಅದೂ ಏಟು ತಿಂದು."

"ನಾನು ಕಲಿತದ್ದಕ್ಕಲ್ಲ," ಅಂದಳು. ಆಮೇಲೆ ತನ್ನ ಮಗಳ ಹೆಸರೆತ್ತಿದಳು.

ನಾನು ತಲೆ ತಗ್ಗಿಸಿದೆ. ಒಬ್ಬಳೇ ಮಗಳು. ಎರಡನೇ ತರಗತಿಯಲ್ಲಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಅಂದಿನಿಂದ ಓಣಿಯಲ್ಲಿ ಯಾರೂ ಅಕ್ಕನ ಮುಂದೆ ಆ ಹೆಸರು ಆಡಿದವರಲ್ಲ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆವು.

ನಮ್ಮ ಶಾಲೆಯಲ್ಲಿ ಮೊದಲಿನಿಂದ ಒಂದು ಪದ್ಧತಿ. ಹಾಜರಿ ಕೂಗುವಾಗ ಮಗು ಬಂದಿಲ್ಲದಿದ್ದರೆ ಪಕ್ಕದಲ್ಲಿ ಕೂರುವ ಮಗು ಎದ್ದು ಕಾರಣ ಹೇಳಬೇಕು. ಹೊಟ್ಟೆನೋವು ಮೇಡಂ, ಅಜ್ಜಿ ಮನೆಗೆ ಹೋಗಿದ್ದಾಳೆ ಮೇಡಂ, ಹೀಗೆ. ಮಗಳು ಹೋಗಿ ಕೆಲವು ದಿನಕ್ಕೆ ಅವಳ ತಟ್ಟೆ, ಲೋಟ ತರಲು ಕಾಜಾ ಅಕ್ಕ ಶಾಲೆಗೆ ಹೋದಳು. ಬಾಗಿಲಲ್ಲಿ ನಿಂತಾಗ ಹಾಜರಿ ನಡೆಯುತ್ತಿತ್ತು. ಮೇಡಂಗೆ ಕೂಗಿ ಕೂಗಿ ನಾಲಿಗೆಯ ಮೇಲೆ ಕೂತಿದ್ದ ಹೆಸರುಗಳ ಸಾಲು. ಸತ್ತ ಮಗುವಿನ ಹೆಸರೂ ಬಾಯಿಗೆ ಬಂದುಬಿಟ್ಟಿತು. ಪಕ್ಕದ ಹುಡುಗಿ ಬಾಗಿಲ ಕಡೆ ನೋಡಿದಳು, ಎದ್ದು ನಿಂತಳು.

"ಬರ್ತಾಳೆ ಮೇಡಂ."

ಮೇಡಂ ಓಡಿಬಂದು ಕೈಮುಗಿದರಂತೆ. "ತಪ್ಪಾಯ್ತಮ್ಮ, ಬಾಯಿತಪ್ಪಿ ಬಂತು."

"ಹಾಗೇ ಕೂಗ್ತಿರಿ ಮೇಡಂ, ನಿಮ್ಮ ದಮ್ಮಯ್ಯ," ಅಂದಳಂತೆ ಇವಳು. "ನನ್ನ ಮನೇಲಿ ಯಾರೂ ಕೂಗಲ್ಲ."

ಕೂಗಿದರು. ಆ ವರ್ಷ ಮುಗಿಯುವವರೆಗೂ ಕಾಜಾ ಅಕ್ಕ ಬೆಳಿಗ್ಗೆ ಕಿಟಕಿಯ ಹೊರಗೆ ನಿಂತು ಆ ಎರಡು ಮಾತು ಕೇಳಿಸಿಕೊಂಡು, ಆಮೇಲೆ ಸೂಜಿ ಹಿಡಿಯುತ್ತಿದ್ದಳು. ಕೊನೆಯ ದಿನ ಹೆಸರು ಕೂಗಿದಾಗ ಆ ಹುಡುಗಿ ಏಳುವ ಮೊದಲೇ ಇವಳೇ ಹೊರಗಿನಿಂದ ಹೇಳಿದಳು:

"ಸಾಕು ಮೇಡಂ. ಇನ್ನು ಬರಲ್ಲ."

ಹೇಳಿ ಮುಗಿಸಿದಾಗ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ನೀರು ಕುಡಿಸಿದೆ.

"ಕಲ್ಲು ಗಿಲ್ಲು ಹಾಕಿಸಬೇಡ. ಹೆಸರು ಎಷ್ಟು ಕೂಗಬೇಕೋ ಅಷ್ಟು ಕೂಗಿದಾರೆ ಅವರು." ಲೋಟ ನನ್ನ ಕೈಗೆ ವಾಪಸು ಕೊಟ್ಟಳು. "ಆ ಹುಡುಗಿ ಯಾರು ಅಂತ ಕೇಳಲೇ ಇಲ್ಲವಲ್ಲೋ. ನಿನ್ನ ಮಗಳು."

ಆ ವಾರವೇ ಹೋದಳು. ಸೂತಕದ ಮನೆಯಲ್ಲೇ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ.

"ಹಿಂದಿನ ಕೋಣೆ ನಿಮಗಿರಲಿ ಸಾಹುಕಾರ್ರೇ, ಮುಂದಿಂದು ನನಗೆ. ನೀವು ಹೂಂ ಅಂದ್ರೆ ಕೋರ್ಟಿಗೆ ಹಾಕಿ ಎಳೀತೀನಿ. ಶಾಲೆಯವರು ಎಷ್ಟು ದಿನ ಅಂತ ಅಲೆದಾರು?"

ವ್ಯಾಪಾರಸ್ಥನ ಕಿವಿಗೆ ಅದು ಕೆಟ್ಟ ಮಾತೇನಲ್ಲ. ಬೇಡ ಅನ್ನಲು ನಾನು ಹರಿಶ್ಚಂದ್ರನೂ ಅಲ್ಲ. ಆದರೂ ನನ್ನ ಬಾಯಲ್ಲಿ ಹೂಂ ಹೊರಡಲಿಲ್ಲ. "ನಿಮ್ಮಕ್ಕ ಕೊಟ್ಟ ಮಾಲು ಕೊಟ್ಟ ವಿಳಾಸಕ್ಕೇ ಹೋಗುತ್ತೆ," ಅಂದೆ. ಬೀಗದಕೈಯನ್ನು ನಾನೇ ಶಾಲೆಗೆ ಕೊಟ್ಟುಬಂದೆ. ಈಗ ಅಪ್ಪ ಅಮ್ಮ ಕೆಲಸದಿಂದ ತಡವಾಗಿ ಬರುವ ಮಕ್ಕಳು ಸಂಜೆ ಅಲ್ಲಿ ಕೂತಿರುತ್ತಾರೆ. ಗೋಡೆಯ ಆಚೆಯ ಗಲಾಟೆಗೆ ನನ್ನ ಗಿರಾಕಿಗಳ ಮಾತು ನನಗೇ ಕೇಳಿಸುವುದಿಲ್ಲ.

ಮಗಳು ದೂರದ ಊರಲ್ಲಿದ್ದಾಳೆ. ಫೋನು ಮಾಡಿ ಕೇಳಿದೆ, ಅವತ್ತು ಯಾಕೆ ಹಾಗಂದೆ ಅಂತ.

"ಮತ್ತೇನು ಹೇಳಲಿ ಅಪ್ಪ? ಅವರಮ್ಮ ಅಲ್ಲೇ ನಿಂತಿದ್ರು," ಅಂದಳು.

ವರ್ಷಾನುಗಟ್ಟಲೆ ಒಂದೇ ಸೂರಿನಡಿ ಸಾಕಿದ ಮಗಳು ಎಂಥವಳು ಅಂತ ನನಗೆ ತಿಳಿಸಿದವಳು ಕಾಜಾ ಅಕ್ಕ. ಆ ಋಣ ನನ್ನ ಮೇಲಿದೆ.