ಹಿಟ್ಟಿಗೆ ಕಿವಿಗೊಟ್ಟ ಜವರಮಾವ

ಇಡ್ಲಿ ಹಿಟ್ಟು ಉಬ್ಬುವಾಗ ಸದ್ದು ಮಾಡುತ್ತದೆ ಎಂದು ನನಗೆ ಹೇಳಿದವನು ಜವರಮಾವ. ಪಾತ್ರೆಯ ಮುಚ್ಚಳ ಸರಿಸಿ, ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮಲಗಿದ ಮಗುವಿನ ಎದೆಗೆ ಕಿವಿ ಇಡುವಂತೆ ಬಗ್ಗುತ್ತಿದ್ದ. ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ನಾನೂ ಬಗ್ಗಿದರೆ ಹೊಂಗೆಯ ಹೂ ಉದುರಿದಷ್ಟು ಸಣ್ಣಗೆ ಏನೋ ಒಂದು. ನಿಜವಾಗಿ ಕೇಳಿತೋ, ಅವನ ಮುಖ ನೋಡಿ ಕೇಳಿದ ಹಾಗಾಯಿತೋ, ಇವತ್ತಿಗೂ ಗೊತ್ತಿಲ್ಲ.

ಹಿರೀಸಾವೆಯ ಹೈವೇ ಪಕ್ಕದ ಹೋಟೆಲೊಂದರಲ್ಲಿ ಹಿಟ್ಟಿನ ಉಸ್ತುವಾರಿ ಅವನದೇ ಆಗಿತ್ತು. ಮಾಗಿಯ ಚಳಿಯಲ್ಲಿ ತನ್ನ ಕಂಬಳಿಯನ್ನು ಹಿಟ್ಟಿನ ಪಾತ್ರೆಗೆ ಹೊದಿಸಿ, ತಾನು ಗೋಣಿಚೀಲ ಹೊದ್ದು ಮಲಗುತ್ತಿದ್ದನಂತೆ. ಮಂಡಿನೋವು ಹೆಚ್ಚಾಗಿ ಕೆಲಸ ಬಿಟ್ಟು ಹಳ್ಳಿಮೈಸೂರಿನ ಹತ್ತಿರದ ನಮ್ಮೂರಿಗೆ ಹಿಂತಿರುಗಿದಾಗ ಒಂದೇ ಆಸೆ ಇಟ್ಟುಕೊಂಡು ಬಂದಿದ್ದ.

"ಊರೋರ ಉದ್ದೆಲ್ಲ ರುಬ್ಬಿ ಆಯ್ತು ಕಣವ್ವಾ. ನಮ್ಮ ವಲದ ಉದ್ದು ಒಂದ್ಸಲ ಉಬ್ಬಾದು ನೋಡ್ಬೇಕು."

ಅವನ ಹೊಲ ನಮ್ಮ ಹೊಲದ ಪಕ್ಕದ್ದೇ. ಅವನಿಲ್ಲದ ವರ್ಷಗಳಲ್ಲಿ ಅದನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟಿದ್ದರು. ಅವರು ಮೂಟೆಗಟ್ಟಲೆ ಗೊಬ್ಬರ ಸುರಿದರು, ಶುಂಠಿ ಕಿತ್ತುಕೊಂಡು ಹೋದರು. ಜವರಮಾವ ಬಿತ್ತಿದ ಉದ್ದು ಗೇಣುದ್ದ ಬಂದು ಅಲ್ಲೇ ನಿಂತುಬಿಟ್ಟಿತು. ಭೂಮಿ ಸತ್ತುಹೋಗಿದೆ ಎಂದರು ಊರಿನವರು.

ರೈತ ಸಂಪರ್ಕ ಕೇಂದ್ರದ ಮೇಡಮ್ಮು ಹಾಗೇನೂ ಇಲ್ಲ ಅಂದಳು. ಸುರಿದ ರಂಜಕ ಬೇಕಾದಷ್ಟು ಮಣ್ಣಿನಲ್ಲೇ ಇದೆ, ಗಟ್ಟಿಯಾಗಿ ಕೂತುಬಿಟ್ಟಿದೆ, ಬೇರಿನ ಬಾಯಿಗೆ ಸಿಗುತ್ತಿಲ್ಲ. ಕಣ್ಣಿಗೆ ಕಾಣದ ಜೀವಾಣುಗಳು ಹುಳಿ ಬಿಟ್ಟು ಅದನ್ನು ಕರಗಿಸಿ ಕೊಡುತ್ತವೆ ಎಂದು ಕಪ್ಪು ಪುಡಿಯ ಪೊಟ್ಟಣವೊಂದನ್ನು ಕೈಗಿಟ್ಟಳು. ಹುಳಿ ಎಂದದ್ದೇ ತಡ, ಜವರಮಾವನ ಮುಖ ಅರಳಿತು. ದಾರಿಯುದ್ದಕ್ಕೂ ಪೊಟ್ಟಣವನ್ನು ಎದೆಗೆ ಅವಚಿಕೊಂಡು ಬಂದ. "ಇವು ನಮ್ ಇಟ್ಟಿನ ದಾಯಾದಿಗಳು ಕಣವ್ವಾ," ಅಂತ ನನಗೆ ತೋರಿಸಿದ. ಬಿತ್ತುವ ದಿನದವರೆಗೂ ಅದನ್ನು ಕಂಬಳಿಯಲ್ಲಿ ಸುತ್ತಿ ಒಲೆಯ ಪಕ್ಕದಲ್ಲೇ ಬೆಚ್ಚಗೆ ಇಟ್ಟುಕೊಂಡಿದ್ದ.

ಆ ಸಲವೂ ಉದ್ದು ಏಳಲಿಲ್ಲ. ಕೇಂದ್ರಕ್ಕೆ ಹೋಗಿ ತಾನು ಬಾಣಂತನ ಮಾಡಿದ್ದನ್ನೆಲ್ಲ ವಿವರಿಸಿದನಂತೆ. ಎಲ್ಲ ಕೇಳಿದ ಮೇಡಮ್ಮು, ಒಲೆಯ ಕಾವಿಗೆ ಅವು ಬದುಕುವುದಿಲ್ಲ, ನೆರಳಲ್ಲಿ ತಣ್ಣಗಿರಬೇಕು ಎಂದಳಂತೆ. ಜವರಮಾವ ಮನೆಗೆ ಬಂದವನು ನೇರ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ಮೊಸರು ಕೊಡಲು ಹೋದ ನಾನು ಅಲ್ಲೇ ಇದ್ದೆ.

"ಯಾರು ಓಗ್ಬುಟ್ರು ಅಂತ ತಲೆಗೆ ನೀರಾಕ್ಕೋತಿದ್ದೀಯ?" ಎಂದಳು ಅವನ ಹೆಂಡತಿ ಕೆಂಪಮ್ಮತ್ತೆ.

"ಚಳಿ ಆಯ್ತದೆ ಅಂದ್ಕಂಡೆ ಕಣಮ್ಮಿ. ನಾನೇ ಕೊಂದ್ಬುಟ್ಟೆ."

ಅತ್ತೆ ಒಣಬಟ್ಟೆ ತಂದು ಅವನ ತಲೆ ಒರೆಸಿದಳು. ಮಾರನೆಯ ದಿನ ಖಡಾಖಂಡಿತವಾಗಿ ಹೇಳಿದಳು: ಇನ್ನೊಂದೇ ಸಲ, ಆಗಲೂ ಬರದಿದ್ದರೆ ಹೊಲ ಮತ್ತೆ ಶುಂಠಿಯವರಿಗೆ.

ಮುಂದಿನ ಮುಂಗಾರಿಗೆ ಹೊಸ ಪೊಟ್ಟಣ ನೀರಿನ ಗುಡಾಣದ ಮಗ್ಗುಲಲ್ಲಿ ತಣ್ಣಗೆ ಕೂತಿತು. ಆರಿದ ಬೆಲ್ಲದ ನೀರಿನಲ್ಲಿ ಪುಡಿ ಕಲಸಿ, ಬೀಜಕ್ಕೆ ಮೆತ್ತಗೆ ಸವರಿ, ಹೊಂಗೆಯ ನೆರಳಿನಲ್ಲಿ ಒಣಗಿಸಿದ. ಹದವಾಗಿ ಒದ್ದೆ ಮಾಡಿದ ತಿಪ್ಪೆಗೊಬ್ಬರದೊಂದಿಗೂ ಒಂದಿಷ್ಟು ಪುಡಿ ಬೆರೆಸಿ ಹೊಲಕ್ಕೆ ಹಾಕಿದ. ಆಮೇಲೆ ಶುರುವಾಯಿತು ಅವನ ಮುಂಜಾನೆಯ ಧ್ಯಾನ. ಮಂಜು ಇನ್ನೂ ನೆಲ ಬಿಟ್ಟಿರುತ್ತಿರಲಿಲ್ಲ, ಇವನು ಬದುವಿನ ಮೇಲೆ ಒರಗಿ ಸಾಲಿನ ಮಣ್ಣಿಗೆ ಕಿವಿ ಇಟ್ಟಿರುತ್ತಿದ್ದ. ದೂರದಿಂದ ನೋಡಿದರೆ ಮನುಷ್ಯ ನಿದ್ದೆ ಹೋಗಿದ್ದಾನೆ, ಹೊಲ ಎಚ್ಚರವಾಗಿ ಅವನನ್ನು ಕಾಯುತ್ತಿದೆ ಅನ್ನಿಸುತ್ತಿತ್ತು. ಏನು ಕೇಳುತ್ತದೆ ಮಾವ ಅಂದರೆ, "ಒಳಗೆ ರುಬ್ತಾ ಅವ್ರೆ. ಮಾತಾಡ್ಸಬ್ಯಾಡ," ಅನ್ನುತ್ತಿದ್ದ.

ಗಿಡ ಮೊಣಕಾಲು ಮುಟ್ಟಿತು. ಕಾಯಿ ಕಪ್ಪಗಾಯಿತು. ಬೈಕಿನಲ್ಲಿ ಬಂದ ಶುಂಠಿಯವರು ಬದುವಿನ ಮೇಲೆ ನಿಂತು ಬೆಳೆ ನೋಡಿ, ಗುತ್ತಿಗೆಯ ಮಾತೆತ್ತದೆ ಹೋದರು.

ಆ ಉದ್ದಿನ ಮೊದಲ ಹಿಟ್ಟು ಉಬ್ಬಿದ ಬೆಳಿಗ್ಗೆ ನನ್ನನ್ನೂ ಕರೆದಿದ್ದ. ಮುಚ್ಚಳ ತಾನೇ ಅರ್ಧ ಎದ್ದಿತ್ತು. ಜವರಮಾವ ಬಗ್ಗಿ ಬಹಳ ಹೊತ್ತು ಕೇಳಿದ, ಹೆಂಡತಿಯನ್ನೂ ಕೈಸನ್ನೆ ಮಾಡಿ ಕರೆದ. "ನಿಂಗಂತೂ ಉಚ್ಚು, ನಂಗೂ ಇಡಿಸ್ಬ್ಯಾಡ," ಎಂದು ಅವಳು ಇಡ್ಲಿ ತಟ್ಟೆಗೆ ಎಣ್ಣೆ ಸವರಲು ಹೋದಳು. ಅವನು ಜಗಲಿಯಲ್ಲಿ ಕೂತು, ಹೊಲದ ಕಡೆ ನೋಡುತ್ತ, ಚಟ್ನಿ ಮುಟ್ಟದೆ ತಿಂದ. ಅವನೊಡನೆ ಕೂತು ಉಂಡದ್ದು ಅದೇ ಕೊನೆ. ಆ ಮಾಗಿಯಲ್ಲಿ, ಕಂಬಳಿ ಹೊದ್ದು ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಈ ಮುಂಗಾರಿಗೆ ಶುಂಠಿಯವರು ಮತ್ತೆ ಬಂದಿದ್ದರು. ಹೊಲದಲ್ಲಿ ಕೆಲಸ ಆಗ್ತಾ ಐತೆ, ಖಾಲಿ ಇಲ್ಲ ಎಂದು ಕೆಂಪಮ್ಮತ್ತೆ ಬಾಗಿಲಲ್ಲೇ ಕಳಿಸಿದಳು. ಉದ್ದು ಬಿತ್ತಿದ ಮೂರ್ನಾಲ್ಕು ದಿನಕ್ಕೆ ನಾನು ಬೆಳಿಗ್ಗೆ ನಮ್ಮ ಹೊಲಕ್ಕೆ ಹೋದಾಗ ಮಂಜಿನೊಳಗೆ ಬದುವಿನ ಮೇಲೆ ಯಾರೋ ಒರಗಿದ್ದರು. ಸೆರಗು ಹೆಗಲಿಗೆ ಸರಿದಿತ್ತು, ಕಿವಿ ಮಣ್ಣಿಗೆ ತಾಗಿತ್ತು, ಕಣ್ಣು ಮುಚ್ಚಿತ್ತು.

ಬಳೆ ಸದ್ದಾಗದಂತೆ ಕೈ ಹಿಡಿದುಕೊಂಡು ನಾನು ಬೇಲಿಯ ಈಚೆಯೇ ನಿಂತೆ.