ಕೆಂಪಿಲ್ಲದ ಕೆಚಪ್

ಬೇಯಿಸೋದು ಕಾ ಸೇಲಾ, ರುಚಿ ಹಾಕೋದು ಡಾಮಿಯಾನ್ ಎಂದು ತಯಾಬಾಸ್ ಊರಿನ ನಮ್ಮ ಓಣಿಯವರು ಹೇಳುತ್ತಿದ್ದರು. ಹಿರಿಯರಿಗೆ ಸಲ್ಲುವ ‘ಕಾ’ ಸೇರಿಸಿ, ಸೇಲಾಳ ಕಿವಿಗೆ ಬೀಳಲಿ ಎಂದೇ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ಕೆಚಪ್‌ಗೆ ಸಾಬಾ ಬಾಳೆಹಣ್ಣು ಬೇಯಿಸಿ ಅರೆಯುವುದು, ಶುಂಠಿ ಬೆಳ್ಳುಳ್ಳಿ ಹುರಿಯುವುದು, ವಿನೆಗರ್ ಸಕ್ಕರೆ ಹಾಕಿ ತೋಳು ಸೋಲುವ ತನಕ ತೊಳಸುವುದು, ಎಲ್ಲ ಅವಳದೇ. ಗಂಡ ಡಾಮಿಯಾನ್ ಬರುತ್ತಿದ್ದದ್ದು ಕೊನೆಗೆ. ಅಚ್ವೆತೆ ಎಂಬ ಬಣ್ಣದ ಬೀಜವನ್ನು ಬಿಸಿನೀರಿನಲ್ಲಿ ಕಿವುಚಿ, ಆ ಕೆಂಪು ನೀರನ್ನು ಸುರಿದು ಎರಡು ಸುತ್ತು ತಿರುಗಿಸುತ್ತಿದ್ದ. ಆಗ ಅಡುಗೆಮನೆಯಲ್ಲಿ ಯಾರೂ ಇರಕೂಡದು, ಹೆಂಡತಿಯೂ. ಮಾತಾಡಿದರೆ ಬಣ್ಣ ಒಡೆಯುತ್ತದಂತೆ.

ಡಾಮಿಯಾನ್ ಸತ್ತ ಮೇಲೆ ಅವಳು ಕಪ್ಪು ತೊಟ್ಟಳು. ವರ್ಷ ತುಂಬಿ ಶೋಕ ಇಳಿಸುವ ತನಕ ಮೈಮೇಲೆ ಕೆಂಪು ಬೀಳಬಾರದು. ಮೈಗೆ ಬಾರದ್ದು ಬಾಣಲೆಗೆ ಹೇಗೆ ಬಂದೀತು ಎಂದುಕೊಂಡಳು. ಯಾವ ಪಾದ್ರಿಯೂ ಹಾಗೆ ಹೇಳಿರಲಿಲ್ಲ. ಆ ವರ್ಷದ ಕೆಚಪ್ ಹಳದಿಯೂ ಅಲ್ಲದೆ ಕಂದೂ ಅಲ್ಲದೆ ಹೊರಬಂತು.

ಓಣಿಯವರು ಕರಿದ ಮೀನಿಗೆ ಅದನ್ನು ಮುಟ್ಟಿಸಿಕೊಂಡು ಮುಖ ಮುಖ ನೋಡಿಕೊಂಡರು. ಎದುರುಮನೆಯ ಕಾ ಅಂದೊಯ್ ತಡೆಯಲಾರದೆ, ರುಚಿಯನ್ನೂ ಪೆಟ್ಟಿಗೆಯಲ್ಲಿಟ್ಟು ಹೂತುಬಿಟ್ಟರು ಅಂದ.

ಸೇಲಾ ಆ ಮಾತಿಗೆ ಸಿಟ್ಟಾಗಲಿಲ್ಲ, ಗೊಂದಲಕ್ಕೆ ಬಿದ್ದಳು. ಬಾಳೆ ಅದೇ, ಕೈ ಅದೇ. ಹಾಗಾದರೆ ನಲವತ್ತು ವರ್ಷದ ಹೆಸರು ಯಾರದು? ಬೀಜದ ನೀರಿನ ಜೊತೆ ಅವನು ಇನ್ನೇನಾದರೂ ಹಾಕುತ್ತಿದ್ದನೇ? ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಸಿ ನೋಡಿದಳು. ಏನೂ ಸಿಗಲಿಲ್ಲ. ಸಿಗದ್ದರಿಂದ ಗುಮಾನಿ ಇನ್ನೂ ಬೆಳೆಯಿತು.

ಶೋಕ ಇಳಿಸಿದ ದಿನ ಕೆಂಪು ಲಂಗ ಉಟ್ಟು, ತಾನೇ ಬೀಜ ಕಿವುಚಿ, ಅರ್ಧಕ್ಕೆ ಮಾತ್ರ ಬಣ್ಣ ಹಾಕಿದಳು. ಅಂದೊಯ್‌ನನ್ನು ಕೂರಿಸಿ ಕಣ್ಣು ಮುಚ್ಚಿಸಿ ಎರಡನ್ನೂ ತಿನ್ನಿಸಿದಳು.

"ಮೊದಲನೇದು," ಅಂದ ಅವನು. "ಅದು ಡಾಮಿಯಾನ್ ಕೈರುಚಿ."

ಮೊದಲನೆಯದು ಬಣ್ಣವಿಲ್ಲದ್ದು. ಕಣ್ಣು ಬಿಟ್ಟು ನೋಡಿ ಅವನೇ ಕೆಂಪಾದ.

"ಕಣ್ಣು ಮುಚ್ಚಿಸಿದ್ರೆ ಯಾರಿಗೆ ತಾನೆ ರುಚಿ ಗೊತ್ತಾಗತ್ತೆ, ಕಾ ಸೇಲಾ?"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಹೋದ ಮೇಲೆ ಅವಳು ಪಕ್ಕದ ಮನೆಯ ನನ್ನನ್ನು ಗೋಡೆಯಾಚೆಯಿಂದ ಕರೆದಳು. "ಕಣ್ಣು ಬಿಟ್ಟು ತಿಂದ್ರೆ ನಂಗೂ ಕೆಂಪಿಂದೇ ರುಚಿ ಅನ್ಸತ್ತೆ ಕಣೆ," ಅಂದಳು. "ನಾನೇ ಮಾಡಿದ್ದು, ನಂಗೇ ತಿಳೀತಿಲ್ಲ."

ಆಮೇಲೆ ಹನ್ನೊಂದು ವರ್ಷ ಕೆಂಪನ್ನೇ ಮಾಡಿದಳು. ಹೊಗಳಿದಾಗಲೆಲ್ಲ ಯಾರನ್ನು ಹೊಗಳುತ್ತಿದ್ದಾರೆ ಎಂಬಂತೆ ಹಿಂದೆ ತಿರುಗಿ ನೋಡುತ್ತಿದ್ದಳು.

ಸಾಯುವ ಮುಂಚಿನ ಕಡೆಯ ವಾರ ಏದುಸಿರಿನಲ್ಲೇ ಒಂದು ಬಾಣಲೆ ಬೇಯಿಸಿ, ಬಣ್ಣ ಹಾಕದೆ ಜಾಡಿಗೆ ತುಂಬಿಸಿ ನನ್ನ ಕೈಗಿತ್ತಳು. "ನನ್ನ ಪೆಟ್ಟಿಗೆ ಮುಂದೆ ಕೂತೋರಿಗೆ ಇದನ್ನೇ ಬಡಿಸು. ಯಾರು ಮಾಡಿದ್ದು ಅಂತ ಹೇಳ್ಬೇಡ. ಏನಂದ್ರು ಅಂತ ನಂಗೆ ಬಂದು ಹೇಳು."

ಹೂಳುವ ಮುಂಚೆ ಹೆಣ ಕಾಯುವ ನಾಲ್ಕೂ ದಿನ ಮೀನು ಕರಿದು ಅದನ್ನೇ ಬಡಿಸಿದೆ. ಎಲ್ಲರೂ ಕಣ್ಣೊರೆಸಿಕೊಂಡು, ಸೇಲಾಳ ಕೈ ಹೋಯಿತು, ಇನ್ನು ಆ ರುಚಿ ಎಲ್ಲಿ ಎಂದರು. ಮುದುಕ ಅಂದೊಯ್ ನನ್ನತ್ತ ತಿರುಗಿದ.

"ನೀನು ಮಾಡಿದ್ದಾ? ಬೇಜಾರಾಗ್ಬೇಡ. ಕಲೀತೀಯ."

ಹಾಗೆನ್ನುತ್ತಲೇ ಮತ್ತೆ ಬಡಿಸಿಕೊಂಡ. ಜಾಡಿ ಖಾಲಿಯಾಯಿತು.

ಐದನೆಯ ಬೆಳಿಗ್ಗೆ ಪೆಟ್ಟಿಗೆಯ ಬಳಿ ಬಗ್ಗಿದೆ. ರುಚಿಯಿಲ್ಲವೆಂದದ್ದನ್ನು ಹೇಳಲೇ, ತಟ್ಟೆ ಒರೆಸಿ ತಿಂದದ್ದನ್ನು ಹೇಳಲೇ? ಅವಳ ಕೈ ಹೋಯಿತೆಂದು ಅತ್ತರಲ್ಲ, ಅದು ಸೋಲೋ ಗೆಲುವೋ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಗಂಡಸರು ಪೆಟ್ಟಿಗೆ ಎತ್ತಿದರು. ಆ ಮನೆಗೆ ಮತ್ತೆ ಸಾವು ಬಾರದಂತೆ ಹೊಸ್ತಿಲ ಬಳಿ ತಟ್ಟೆ ಒಡೆಯಬೇಕೆಂದು ಯಾರೋ ನೆನಪಿಸಿದರು. ಕೈಗೆ ಸಿಕ್ಕಿದ್ದು ಕೆಚಪ್ ಬಡಿಸಿದ ತಟ್ಟೆಯೇ. ಒಡೆದೆ. ಚೂರುಗಳನ್ನು ದಾಟಿಸಿಕೊಂಡು ಸೇಲಾಳನ್ನು ಹೊರಗೆ ಒಯ್ದರು.