ಡಬಲ್ ಆಕ್ಟಿಂಗಿನ ಭಯ

ಹಿಂದಿಯ ಒಂದು ಮಾತೂ ನನಗೆ ಬಾರದು. ಆದರೂ ಮದುವೆಯಾದ ಹೊಸದರಲ್ಲಿ, ಶ್ರೀನಿವಾಸಪುರದ ಟೆಂಟಿಗೆ ಹಿಂದಿ ಪಿಕ್ಚರು ಬಂದರೆ ನಮ್ಮ ಯಜಮಾನರು ನನ್ನನ್ನು ಬಿಟ್ಟು ಹೋದವರಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಒಂದು ಹಗ್ಗ. ಇಂಟರ್ವೆಲ್ಲಿನಲ್ಲಿ ಅವರು ಕಡಲೆಕಾಯಿ ಪೊಟ್ಟಣ ಹಿಡಿದು ಆ ಹಗ್ಗದ ತನಕ ಬಂದು ನಿಲ್ಲುತ್ತಿದ್ದರು. ನಾನಾಗಿ ನೋಡುವ ತನಕ ಕರೆಯುತ್ತಿರಲಿಲ್ಲ.

ಡಬಲ್ ಆಕ್ಟಿಂಗ್ ಪಿಕ್ಚರೆಂದರೆ ಮಾತ್ರ ನನಗೆ ಸಂಕಟ. ತಾನು ಮೆಚ್ಚಿದ ಅಣ್ಣನೆಂದುಕೊಂಡು ಹುಡುಗಿ ಅದೇ ಮುಖದ ತಮ್ಮನ ಜೊತೆ ಹಾಡಿ ಮರ ಸುತ್ತುವಳು. ಅವಳಿಗೇಕೆ ಗೊತ್ತಾಗಲಿಲ್ಲವೆಂದು ದಾರಿಯುದ್ದಕ್ಕೂ ನಾನು ಗೊಣಗಿದರೆ, ನೀನಾಗಿದ್ದರೆ ಕಂಡುಹಿಡಿಯುತ್ತಿದ್ದೆಯಾ ಎಂದು ಅವರು ತೆಲುಗಿನಲ್ಲಿ ರೇಗಿಸುತ್ತಿದ್ದರು.

ಈಗ ಅವರಿಲ್ಲ. ಸಂಕಟ ಮಾತ್ರ ಹುತ್ತೂರಿನ ನಮ್ಮ ಮನೆಗೇ ಬಂತು. ನರಸಾಪುರದ ಕಂಪನಿ ಬಸ್ಸಿನಲ್ಲಿ ಹೋಗಿಬರುವ ಮೊಮ್ಮಗಳು, ಅದೇ ಬಸ್ಸಿನ ಹುಡುಗನನ್ನು ಒಪ್ಪಿದಳು. ಮಾತುಕತೆಗೆ ಬಂದ ದಿನ ನೋಡಿದರೆ ಹುಡುಗನ ಹಿಂದೆ ಇನ್ನೊಬ್ಬ ಹುಡುಗ, ಅದೇ ಮೂಗು, ಅದೇ ಮೀಸೆ. ಅವಳಿ ತಮ್ಮನಂತೆ. ಕೂಸು ಬದುಕೆಲ್ಲ ಇವನೋ ಅವನೋ ಎಂದು ತಡಕಾಡಬೇಕೇ?

ತಡೆಯಲಾಗಲಿಲ್ಲ. ಅಣ್ಣ ತಮ್ಮಂದಿರನ್ನು ರೇಷ್ಮೆ ಸಾಕುವ ಹುಳುಮನೆಯ ಹಿಂದಕ್ಕೆ ಕರೆದು ಶರ್ಟು ಅದಲುಬದಲು ಮಾಡಿಸಿ, ತಮ್ಮನನ್ನು ಅಡುಗೆಮನೆಗೆ ನೀರು ಕೇಳಲು ಕಳಿಸಿದೆ. ಅವನಿಗೋ ಖುಷಿಯೋ ಖುಷಿ. ನಾನೂ ಹಿಂದೆಯೇ ಹೋದೆ. ಮೊಮ್ಮಗಳು ಒಲೆಯ ಕಡೆ ಮುಖ ಮಾಡಿ ಬೋಂಡ ಬಿಡುತ್ತಿದ್ದಳು. ಅವನು ಸರಸರ ಒಳಗೆ ಹೋಗಿ, ಅಣ್ಣನದೇ ದನಿಯಲ್ಲಿ ನೀರು ಕೇಳಿದ.

ಅವಳು ತಿರುಗಲೂ ಇಲ್ಲ. "ಚೊಂಬು ಅಲ್ಲೇ ಐತೆ, ತಗೊಳ್ಳಿ ಮೈದುನ್ರೇ."

ಆಮೇಲೆ ತಿರುಗಿ ಶರ್ಟು ನೋಡಿದಳು, ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. "ಅಜ್ಜಿ, ಇದು ನಿನ್ ಕೆಲಸಾನೇ."

"ಅದೆಂಗ್ ಗೊತ್ತಾಯ್ತೇ ನಿಂಗೆ?"

"ಅವರು ಹಿಂಗ್ ನುಗ್ಗಲ್ಲ ಕಣಜ್ಜಿ. ಬಸ್ಸಲ್ಲೂ ಅಷ್ಟೇ, ನಾನ್ ನೋಡೋಗಂಟ ಪಕ್ಕದಾಗೇ ನಿಂತಿರ್ತಾರೆ, ಕೂರಲ್ಲ."

ಎದೆಯ ಮೇಲಿನ ಕಲ್ಲು ಇಳಿಯಿತು. ಹೊಸ್ತಿಲ ಮೇಲೇ ಕುಳಿತುಬಿಟ್ಟೆ. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಬೆನ್ನ ಹಿಂದೆ ಯಾರೋ ಇದ್ದಂತಾಗಿ ತಿರುಗಿದರೆ ಹುಡುಗ. ತಮ್ಮನ ಶರ್ಟಿನಲ್ಲಿ ಹೊಸ್ತಿಲಾಚೆ ಬಂದು ನಿಂತಿದ್ದ. ಕರೆಯಲಿಲ್ಲ, ಒಳಗೆ ಕಾಲಿಡಲೂ ಇಲ್ಲ. ಅವಳು ನೋಡಲೆಂದು ಕಾಯುತ್ತಿದ್ದ.

ನಾನು ಸರಿದು ದಾರಿ ಬಿಟ್ಟೆ.

"ಒಳಕ್ ಬಾರಪ್ಪ," ಎಂದೆ. "ಕಡಲೆಕಾಯಿ ಬೇಯಿಸಿದ್ದೀನಿ."